ವಾರಕ್ಕೆರಡು ಸಲ ಅನ್ನ

ನನ್ನ ಅಕ್ಷರ ಚಂದ ಎಂಬ ಒಂದೇ ಕಾರಣಕ್ಕೆ ನನಗೆ ಆ ಕೆಲಸ ಸಿಕ್ಕಿತು. ರಜಾಕಾರರ ಗದ್ದಲ ಮುಗಿದು ನಾಲ್ಕೈದು ವರ್ಷವಾಗಿತ್ತು. ಹೈದರಾಬಾದಿನ ಅರ್ಥಶಾಸ್ತ್ರದ ಪ್ರೊಫೆಸರರೊಬ್ಬರು ಲಿಂಗಸುಗೂರಿಗೆ ಬಂದು, ಕನ್ನಡ ಉರ್ದು ಎರಡೂ ಬಲ್ಲ ಹುಡುಗರನ್ನು ಹುಡುಕುತ್ತಿದ್ದರು. ಮಸ್ಕಿಯಲ್ಲಿ ಅಗ್ಗಕ್ಕೆ ಜೋಳ ಅಳೆಯುವ ಸರಕಾರದ ಕಂಟ್ರೋಲ್ ಅಂಗಡಿ ಇನ್ನೂ ಬೇಕೋ, ಇಲ್ಲ ಸಾಹುಕಾರರ ಪೈಪೋಟಿಯೇ ಜೋಳದ ಧಾರಣೆಯನ್ನು ಹದ್ದುಬಸ್ತಿನಲ್ಲಿ ಇಡುತ್ತದೋ ಎಂಬುದು ಅವರ ಪ್ರಶ್ನೆ. ಮನೆಮನೆಗೆ ಹೋಗಿ ಏನು ಉಣ್ಣುತ್ತೀರಿ, ಎಲ್ಲಿ ಕೊಳ್ಳುತ್ತೀರಿ ಎಂದು ಕೇಳಿ ಫಾರಂ ತುಂಬುವುದು ನನ್ನ ಪಾಲಿನ ಕೆಲಸ. ಜನ ಹೇಳಿದ್ದನ್ನಷ್ಟೇ ಬರೆಯಬೇಕು, ತಪ್ಪು ತಿಳಿದರೆ ಇನ್ನೊಮ್ಮೆ ಹೋಗಿ ಕೇಳಿ ತಿದ್ದಬೇಕು ಎಂದು ಮೊದಲ ದಿನವೇ ಹೇಳಿದ್ದರು.

ಹೊಡೆದು ತಿದ್ದಿದ ಒಂದು ಕಾಟೂ ಇಲ್ಲದ ನನ್ನ ಫಾರಂಗಳನ್ನು ಅವರು ಉಳಿದ ಹುಡುಗರಿಗೆ ಎತ್ತಿ ತೋರಿಸಿದರು. ನಾನು ಹಿಗ್ಗಿಹೋದೆ. ಆ ಹಿಗ್ಗು ನೆನೆದರೆ ಈಗಲೂ ನನ್ನ ಮೇಲೇ ಸಿಟ್ಟು ಬರುತ್ತದೆ.

ಮಸ್ಕಿಯ ಬಜಾರಿನಲ್ಲಿ ಎದುರುಬದುರು ಎರಡು ಜೋಳದ ಅಂಗಡಿಗಳಿದ್ದವು. ಇಬ್ಬರು ಸಾಹುಕಾರರೂ ದಿನವಿಡೀ ಕೂಗುವವರೇ; ಗಿರಾಕಿಯ ಕೈ ಹಿಡಿದು ಎಳೆಯುವುದೊಂದು ಬಾಕಿ. ಪ್ರೊಫೆಸರರಿಗೆ ಆ ಗದ್ದಲ ಬಹಳ ಹಿಡಿಸಿತು. ಹತ್ತು ಹೆಜ್ಜೆ ಆಚೆ ಕಂಟ್ರೋಲ್ ಅಂಗಡಿ ಇದ್ದದ್ದರಿಂದಲೇ ಸಾಹುಕಾರರು ಹಾಗೆ ಕೂಗುತ್ತಿದ್ದರು ಎಂಬುದು ಪ್ರೊಫೆಸರರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಊರಂಚಿನ ಓಣಿಯಲ್ಲಿ ಗಂಡ ಸತ್ತ ಹೆಂಗಸೊಬ್ಬಳು ಕೂಲಿ ಮಾಡಿ ಮಗಳನ್ನು ಸಾಕಿದ್ದಳು. ನಾನು ಹೋದ ದಿನ ಗೊರೇಬಾಳದಿಂದ ಹುಡುಗನ ಸೋದರಮಾವ ಮದುವೆಯ ಮಾತಿಗೆ ಬಂದು ಕಟ್ಟೆಯ ಮೇಲೆ ಕೂತಿದ್ದ. ಕಾಲುವೆ ನೀರು ತಮ್ಮ ಹೊಲಕ್ಕೆ ಬರುತ್ತದೆ, ಇನ್ನು ಮನೆಯಲ್ಲಿ ಸಿರಿವಂತರ ಹಾಗೆ ದಿನಾ ಅನ್ನವೇ ಎಂದು ಆಗಲೇ ಮೀಸೆ ತಿರುವುತ್ತಿದ್ದ. ನಾನೆಂಬ ಜಾಣ ಅವನ ಪಕ್ಕದಲ್ಲೇ ಕೂತು ಫಾರಂ ಬಿಚ್ಚಿದೆ. ಮನೆಯಲ್ಲಿ ಅನ್ನ ಯಾವಾಗ ಮಾಡುತ್ತೀರಿ ಎಂದು ಗಟ್ಟಿಯಾಗಿ ಕೇಳಿದೆ.

ಆಕೆ ಒಮ್ಮೆ ಅವನ ಮುಖ ನೋಡಿದಳು.

“ವಾರಕ್ಕೆರಡು ಸಲ ಮಾಡತೀವ್ರಿ ಸಾಹೇಬ್ರ.”

ಜೋಳ ಸಾಹುಕಾರರ ಅಂಗಡಿಯದೇ ಅಂತೆ. ಕಂಟ್ರೋಲ್ ಅಂಗಡಿಯ ಹೊಸ್ತಿಲು ತುಳಿದಿಲ್ಲವಂತೆ. ಹಿಂದಿನ ದಿನವಷ್ಟೇ ಅಲ್ಲಿಯ ಸಾಲಿನಲ್ಲಿ ಆಕೆಯನ್ನು ಕಂಡಿದ್ದೆ. ನೀರು ಕೇಳಿ ಒಳಗೆ ಹೋದರೆ, ಜೋಳ ತುಂಬಿಡುವ ಮಣ್ಣಿನ ವಾಡೆ ಮೂಲೆಯಲ್ಲಿ ಅಡ್ಡ ಬಿದ್ದಿತ್ತು; ಅದರೊಳಗೆ ಕೋಳಿ ಕಾವಿಗೆ ಕೂತಿತ್ತು. ನಾನು ನೋಡಿದ್ದನ್ನು ಆಕೆಯೂ ನೋಡಿದಳು. ತಂಬಿಗೆ ಕೊಡುತ್ತಾ ಸಣ್ಣ ದನಿಯಲ್ಲಿ ಹೇಳಿದಳು: “ಬರಕೊಂಡದ್ದು ಹಂಗ ಇರಲ್ರಿ. ನನ್ನ ಮಗಳ ಬಾಳೇವು ಅದರಾಗ ಐತಿ.”

ಕಟ್ಟೆಯ ಮಾತು ಓಣಿಯಲ್ಲಿ ನನಗಿಂತ ಮುಂದೆ ಓಡಿತು. ಪಕ್ಕದ ಮನೆಯವರೂ ವಾರಕ್ಕೆರಡು ಸಲ ಅಂದರು, ಅದರಾಚೆಯವರು ಮೂರು ಸಲ; ಕಂಟ್ರೋಲ್ ಅಂಗಡಿಗಂತೂ ಯಾರೂ ಹೋಗುವವರಲ್ಲ. ಎಲ್ಲವನ್ನೂ ದುಂಡಗೆ ಬರೆದುಕೊಂಡೆ. ಗೊರೇಬಾಳದವನು ಹೋದ ಮೇಲೆ ನಾನೊಬ್ಬನೇ ಹೋಗಿ ಆಕೆಯನ್ನು ಕೇಳಬಹುದಿತ್ತು. ಆಕೆಯ ಮಾತಿಗೆ ಕಟ್ಟುಬಿದ್ದು ಸುಮ್ಮನಿದ್ದೆ ಎಂದು ಎಷ್ಟೋ ಕಾಲ ಹೇಳಿಕೊಂಡೆ. ನಿಜ ಬೇರೆ: ಫಾರಂ ಮೇಲೆ ಕಾಟು ಬೀಳುವುದು ನನಗೆ ಬೇಡವಾಗಿತ್ತು.

ಮಳೆಗಾಲಕ್ಕೆ ಮುಂಚೆ ಕಂಟ್ರೋಲ್ ಅಂಗಡಿ ಮುಚ್ಚಿತು. ನಮ್ಮ ಫಾರಂಗಳಿಂದಲೇ ಮುಚ್ಚಿತೋ, ಹೇಗೂ ಮುಚ್ಚುವುದಿತ್ತೋ, ಯಾರೂ ನನಗೆ ಹೇಳಲಿಲ್ಲ. ಮುಂದಿನ ಸಂತೆಗೆ ಎದುರುಬದುರಿನ ಇಬ್ಬರು ಸಾಹುಕಾರರೂ ಒಂದೇ ಧಾರಣೆ ಹೇಳಿದರಂತೆ, ಅದೂ ಏರಿದ ಧಾರಣೆ. ಕೂಗುವುದನ್ನು ಬಿಟ್ಟು ಎಲೆ ಅಡಿಕೆ ಹಾಕುತ್ತಾ ಕೂತಿದ್ದರಂತೆ. ಅದನ್ನು ಕೇಳಿದ್ದೇ, ಖಾಲಿ ಫಾರಂ ಒಂದನ್ನು ಚೀಲಕ್ಕೆ ಹಾಕಿಕೊಂಡು ಮಸ್ಕಿಗೆ ಹೋದೆ. ಆಕೆ ನಿಜ ಹೇಳಿದರೆ ಹೊಸದಾಗಿ ಬರೆದು ಪ್ರೊಫೆಸರರಿಗೆ ಕಳಿಸಬೇಕೆಂದಿದ್ದೆ.

ಮಗಳ ಮದುವೆಯಾಗಿತ್ತು. ಆಕೆ ಸೊರಗಿದ್ದಳು, ಆದರೆ ನನ್ನನ್ನು ಕಂಡು ಮುಖವರಳಿಸಿ ಚಾಪೆ ಹಾಸಿದಳು. ವಾಡೆ ಅಲ್ಲೇ ಬಿದ್ದಿತ್ತು, ಕೋಳಿ ಇರಲಿಲ್ಲ. ಹಿತ್ತಿಲ ಬಾಗಿಲಿನಿಂದ ಪಕ್ಕದ ಮನೆಯವಳು ಸೆರಗಿನಡಿ ಏನನ್ನೋ ತಂದುಕೊಟ್ಟು ಹೋದಳು. ಒಲೆ ತಣ್ಣಗಿತ್ತು. ಆದರೂ ನನ್ನ ಮುಂದೆ ಗಂಗಾಳದಲ್ಲಿ ಅನ್ನ ಬಂತು.

“ನೀ ಬರಕೊಂಡದ್ದು ಹಂಗ ಇಟ್ಟಿ ತಮ್ಮಾ,” ಅಂದಳು. “ಮಗಳು ಒಂದು ದಡ ಮುಟ್ಯಾಳ. ಉಣ್ಣು.”

ಖಾಲಿ ಫಾರಂ ಇದ್ದ ಚೀಲದ ಮೇಲಿಂದ ಕೈ ತೆಗೆದೆ.

“ನಿಂದು ಊಟ ಆತೇನವ್ವಾ?”

“ಆಗೇದಪ್ಪಾ.”

ಆಕೆ ಹೇಳಿದ್ದನ್ನು ಈ ಸಲವೂ ಹಾಗೆಯೇ ಒಪ್ಪಿಕೊಂಡೆ. ಒಂದು ಅಗುಳೂ ಬಿಡದೆ ಉಂಡೆ.