ವಸ್ತಾದರ ಬೆನ್ನು
ನಮ್ಮ ಹಳಿಯಾಳದ ಗರಡಿಯಲ್ಲಿ ಕುಸ್ತಿ ಕಲಿಸುವ ದಾವಲಸಾಬ ವಸ್ತಾದರಿಗೆ ಇರುವ ಚಟ ಎರಡೇ: ಒಂದು ಬೆಲ್ಲದ ಚಹಾ, ಇನ್ನೊಂದು ತಮ್ಮ ಬೆನ್ನು. ಕಣದ ಕೆಂಪು ಮಣ್ಣಿಗೆ ಮಜ್ಜಿಗೆ, ಅರಿಸಿನ, ಎಣ್ಣೆ ಹಾಕಿ ಹೋಳಿಗೆಯ ಕಣಕದಂತೆ ಹದ ಮಾಡಿಸುವಾಗಲೂ, ಮದುವೆಯ ಪಂಕ್ತಿಯಲ್ಲಿ ಅನ್ನ ಕಲಸುವಾಗಲೂ ಅವರದು ಒಂದೇ ಮಾತು: "ಈ ಬೆನ್ನಿಗೆ ಇನ್ನೂ ಮಣ್ಣು ಹತ್ತಿಲ್ಲ ನೋಡ್ರಿ." ಕುಸ್ತಿಯಲ್ಲಿ ಬೆನ್ನಿಗೆ ಮಣ್ಣು ಹತ್ತಿದರೆ ಸೋತಂತೆ, ಅದಕ್ಕೇ ಅವರು ಗೋಡೆಗೂ ಒರಗುವವರಲ್ಲ, ಮಲಗುವುದೂ ಬೋರಲಾಗಿಯೇ ಎಂದು ಅವರ ಹೆಂಡತಿ ನಗುತ್ತಾರೆ. ಜೋಳದ ದಂಟಿನಂಥ ಹುಡುಗ ಬಂದರೂ "ಎಲುಬು ಅದಾವಲ್ಲ, ಮಾಂಸ ತಾನ ಬರ್ತೈತಿ" ಎಂದು ಲಂಗೋಟಿ ಕೊಡುತ್ತಾರೆ. ಹೋದ ಶ್ರಾವಣದಲ್ಲಿ ಬಾಲಮಂದಿರದಿಂದ ಹೊರಬಿದ್ದ ಅಂಕುಶನಿಗೂ ಕೊಟ್ಟರು. ಆದರೆ ಕಳವಿನ ಹೆಸರು ಹೊತ್ತವನ ಮೈ ಹಿಡಿಯಲು ಯಾರೂ ಕಣಕ್ಕೆ ಇಳಿಯಲಿಲ್ಲ. "ಇವನ ಜೋಡಿ ಆಡಿದ್ರ ನಮ್ಮಪ್ಪ ಬಡೀತಾನ್ರಿ" ಎಂದ, ಚಹಾದಂಗಡಿಯ ಪುಂಡಲೀಕನ ಮಗ. ಅಂಕುಶ ಅಂಗಿ ಎತ್ತಿಕೊಂಡು ಬಾಗಿಲಿಗೆ ನಡೆದ. "ಏ ಮಗಾ, ಅಂಗಿ ಇಡು" ಎಂದು ವಸ್ತಾದರೇ ಕಣಕ್ಕೆ ಇಳಿದರು. ಎಲ್ಲರ ಕಣ್ಣೆದುರೇ ಹಿಡಿತ ಸಡಿಲು ಬಿಟ್ಟರು; ಹುಡುಗ ಅವರನ್ನು ಅಂಗಾತ ಕೆಡವಿದ. ಆಮೇಲೆ ವಸ್ತಾದರು ಬರಿಮೈಯಲ್ಲೇ ಚಹಾದಂಗಡಿಗೆ ಹೋಗಿ, ಪೇಟೆಗೆಲ್ಲ ಕಾಣುವಂತೆ ರಸ್ತೆಗೆ ಬೆನ್ನು ಮಾಡಿ ಕೂತರು. "ಏನ್ರಿ ವಸ್ತಾದ, ಬೆನ್ನಿಗೆ ಏನಾತು?" ಎಂದು ಪುಂಡಲೀಕ ನಕ್ಕ. "ಅಂಕುಶ ಕೆಡವ್ಯಾನ. ನಾಳಿ ನಿನ್ನ ಮಗನ್ನ ಕಳಸು, ಅವಗ ಜೋಡಿ ಬೇಕಾಗೇತಿ" ಎಂದು ವಸ್ತಾದರು ಇನ್ನೊಂದು ಚಹಾ ಹೇಳಿದರು. ಬೆನ್ನಿನ ಮಣ್ಣು ಒಣಗಿ ತಾನಾಗಿ ಉದುರುವವರೆಗೂ ಏಳಲಿಲ್ಲ.