ಚಿಕ್ಕಪಡಸಲಗಿಯ ಖಾಲಿ ಫೋಟೋ

ಗೆಳೆಯರೇ, ಇಂದು ಬೆಳಿಗ್ಗೆ ಚಿಕ್ಕಪಡಸಲಗಿಗೆ ಹೋಗಿ, ರೈತರೇ ನಿಂತು ಕೃಷ್ಣೆಗೆ ಕಟ್ಟಿದ ಬ್ಯಾರೇಜಿನ ಫೋಟೋ ತೆಗೆಯುವ ಮಹತ್ಕಾರ್ಯಕ್ಕೆ ಟ್ರೈಪಾಡ್ ಊರಿದೆ. ನೀರು, ಕಂಬಗಳು, ಎಳೆಬಿಸಿಲು ಅಷ್ಟೇ ಇರಬೇಕು, ನರಪಿಳ್ಳೆಯೂ ಬರಕೂಡದು ಎಂಬುದು ನನ್ನ ವ್ರತ.

ಹಾಲಿನ ಕ್ಯಾನ್ ಕಟ್ಟಿದ ಬೈಕಿನಲ್ಲಿ ಬಂದ ಹಿರಿಯರೊಬ್ಬರು ಸರಿಯಾಗಿ ಕ್ಯಾಮೆರಾದ ಎದುರೇ ಇಳಿದರು.

“ಯಜಮಾನ್ರ, ಚೂರು ಬಾಜೂಕ ಸರೀರಿ. ಬ್ಯಾರೇಜಿನ ಫೋಟೋ ತಗ್ಯಾಕತ್ತೇನಿ” ಎಂದೆ.

“ನಾ ಯಾಕ ಸರೀಲಿ? ಇದಕ್ಕ ಕಲ್ಲು ಹೊತ್ತಾಂವ ನಾನ ಅದೇನಿ. ನನ್ನ ಬಿಟ್ಟ ಬ್ಯಾರೇಜ್ ಹೆಂಗ ಆಗ್ತೈತ್ರಿ?”

ವಾದದಲ್ಲಿ ಹುರುಳಿತ್ತು. ಅವರನ್ನು ನಿಲ್ಲಿಸಿ ಒಂದು ತೆಗೆದೆ. ಮುಗಿಯಿತೆಂದುಕೊಂಡರೆ, ಅವರು ದಾರಿಯಲ್ಲಿ ಹೊರಟಿದ್ದ ಇನ್ನೊಬ್ಬ ಹಿರಿಯರನ್ನು ಕೂಗಿದರು. “ಲೇ ಬಸ್ಯಾ, ಬಾರಲೇ ಇಲ್ಲೆ! ನೀನೂ ಬುಟ್ಟಿ ಹೊತ್ತಿದ್ದಿ!”

“ಬುಟ್ಟಿ ಅಲ್ಲಲೇ, ಸಿಮೆಂಟ್ ಚೀಲಾ!” ಎಂದು ತಿದ್ದುತ್ತ ಬಂದ ಬಸಪ್ಪನವರು ಗೆಳೆಯನನ್ನು ಬದಿಗೆ ತಳ್ಳಿ ನಡುವೆ ನಿಂತರು.

ಅಷ್ಟರಲ್ಲಿ ಕಬ್ಬಿನ ಟ್ರ್ಯಾಕ್ಟರ್ ನಿಲ್ಲಿಸಿ ಚಾಲಕನೂ ಇಳಿದು ಸಾಲಿಗೆ ನಿಲ್ಲಲು ಬಂದ. “ನೀ ಆಗಿನ್ನೂ ಹುಟ್ಟೇ ಇದ್ದಿಲ್ಲಲೇ” ಎಂದು ಬಸಪ್ಪನವರು ತಡೆದರು.

“ನಾ ಇಲ್ಲಂದ್ರ ಏನಾತು? ನಿಮಗೆಲ್ಲ ರೊಟ್ಟಿ ಬಡದ ಕೊಟ್ಟಾಕಿ ನಮ್ಮವ್ವ!”

ಬಸಪ್ಪನವರೇ ಅವನ ತೋಳು ಹಿಡಿದು ಪಕ್ಕಕ್ಕೆ ಎಳೆದುಕೊಂಡರು. ಅವನಿಗೂ ಜಾಗವಾಯಿತು. ಹೀಗೆ ದಾರಿಹೋಕರೆಲ್ಲ ತಂತಮ್ಮ ಹಕ್ಕು ಸ್ಥಾಪಿಸಿ ಸಾಲು ಕಟ್ಟಿದರು. ಎಲ್ಲರನ್ನೂ ಫೋಟೋದಲ್ಲಿ ಹಿಡಿಸಲು ನಾನು ಹಿಂದೆ ಹಿಂದೆ ಸರಿಯುತ್ತ ಜಾಲಿಕಂಟಿಯ ಮುಳ್ಳಿಗೆ ಬೆನ್ನು ಕೊಟ್ಟೆ.

ಫೋಟೋ ಕೆಳಗಿದೆ. ಮೀಸೆಗಳು ಬಲು ಸ್ಪಷ್ಟವಾಗಿ ಬಂದಿವೆ. ಬ್ಯಾರೇಜ್ ಎಲ್ಲಿ ಎಂದು ದಯವಿಟ್ಟು ಕೇಳಬೇಡಿ. ಇವರ ಹಿಂದೆಯೇ ಇದೆ, ಆದರೆ ಇವರು ಸರಿಯುವವರಲ್ಲ.