ಗೋಪಿನಾಥನ ಸಾರಸಗಳನ್ನು ಎಣಿಸಿದವಳು

ನಾಲ್ಕಕ್ಕೆ ನೀರು ಬರುವ ಮೊದಲೇ ಎದ್ದು ಮೋಟಾರ್ ಹಾಕಬೇಕು; ಎರಡು ನಿಮಿಷ ತಡವಾದರೆ ಮೇಲಿನ ಮನೆಯವರು ಎಳೆದುಕೊಂಡುಬಿಡುತ್ತಾರೆ. ಟ್ಯಾಂಕು ತುಂಬುವಷ್ಟರಲ್ಲಿ ಕುಕ್ಕರಿಗೆ ಬೇಳೆ ಏರಿರಬೇಕು. ಅತ್ತೆ ಶಾರದಮ್ಮನವರಿಗೆ ಸ್ನಾನಕ್ಕೊಂದು ಬಿಸಿನೀರು, ಕುಡಿಯಲಿಕ್ಕೊಂದು ಬಿಸಿನೀರು. ಎರಡರ ಬಿಸಿಯೂ ಬೇರೆ ಬೇರೆ. ಗಂಡ ಗೋಪಿನಾಥನ ಚಟ್ನಿಗೆ ಕೊತ್ತಂಬರಿ ಬೀಳಕೂಡದು, ಮಗಳು ಇಂಚರಾಳ ಚಟ್ನಿಗೆ ಬೀಳದೆ ಇರಕೂಡದು. ಡಬ್ಬಿಗಳು, ಬಾಗಿಲಿಗೆ ನೀರು, ರಂಗೋಲಿಯ ನಾಲ್ಕು ಎಳೆ. ಕೊನೆಗೆ ಗೋಪಿನಾಥನ ಬನಿಯನ್ ಹುಡುಕಿ ಮಂಚದ ಮೇಲಿಡುವುದು. ಬನಿಯನ್ ಇಪ್ಪತ್ತು ವರ್ಷದಿಂದ ಅದೇ ಬೀರುವಿನ ಅದೇ ಅರೆಯಲ್ಲಿದೆ. ಆದರೂ ಹುಡುಕಿಕೊಡಬೇಕು.

ಇಷ್ಟೂ ಮುಗಿದಾಗ ದೆಹಲಿಯ ಮಯೂರ್ ವಿಹಾರದಲ್ಲಿ ಬೆಳಕು ಹರಿದಿರುತ್ತಿರಲಿಲ್ಲ. 2006ರ ಮಳೆಗಾಲದಲ್ಲಿ ಅಹಲ್ಯಾಳ ಈ ಪಟ್ಟಿಗೆ ಇನ್ನೊಂದು ಕೆಲಸ ಸೇರಿತು: ತಿಂಗಳಿಗೊಂದು ಭಾನುವಾರ ಊರಾಚೆ ದಾದ್ರಿಯ ಕಡೆ ಹೋಗಿ ಸಾರಸ ಹಕ್ಕಿ ಎಣಿಸುವುದು.

ಎಣಿಸಬೇಕಾದವನು ಗೋಪಿನಾಥ. ಅವನು ಕೇಂದ್ರದ ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರು. ಅವನ ಹೆಸರು ಗುವಾಹಟಿಗೆ ಹೋಗುವವರ ವರ್ಗಾವಣೆ ಪಟ್ಟಿಯಲ್ಲಿತ್ತು. ಆ ಪಟ್ಟಿ ಜಾಯಿಂಟ್ ಸೆಕ್ರೆಟರಿಯ ಮೇಜಿನ ಮೇಲಿತ್ತು. ಆ ಸಾಹೇಬರಿಗೆ ಹಕ್ಕಿಗಳ ಹುಚ್ಚು. ಈ ಮೂರನ್ನೂ ಕೂಡಿಸಿದ ಗೋಪಿನಾಥನ ಹೃದಯದಲ್ಲಿ ಒಂದೇ ವಾರದಲ್ಲಿ ಪಕ್ಷಿಪ್ರೇಮ ಉಕ್ಕಿ ಹರಿಯಿತು. ದುರ್ಬೀನು ಕೊಂಡ. ಅಳಿಯುತ್ತಿರುವ ಸಾರಸಗಳನ್ನು ಎಣಿಸುವ ಸ್ವಯಂಸೇವಕರ ಗುಂಪಿಗೆ ಹೆಸರು ಕೊಟ್ಟ. ಯಮುನೆಯ ದಂಡೆಯ ಮೇಲೆ ನಡೆದ ತರಬೇತಿಗೆ ಹೆಂಡತಿಯನ್ನೂ ಕರೆದೊಯ್ದ. ತಿಂಡಿಯ ಡಬ್ಬಿ ಹಿಡಿಯಲು ಒಬ್ಬರು ಬೇಕಲ್ಲ!

ತರಬೇತಿ ಕೊಟ್ಟವಳು ದಕ್ಷಿಣ ದೆಹಲಿಯ ಮುನಿರ್ಕಾದಲ್ಲಿ ಬಾಡಿಗೆಗಿದ್ದ ಹರಿಣಿ, ಹಾಸನದ ಕಡೆಯ ಸಂಶೋಧಕಿ. "ಮೂರು ತಿಂಗಳು, ಮೂರು ಸಲ. ಅದೇ ಜಾಗ, ಅದೇ ಹೊತ್ತು, ಅದೇ ಕಣ್ಣು," ಎಂದಳು. "ಹಕ್ಕಿ ಕಾಣಲಿಲ್ಲಾಂದ್ರೆ ಬೇಜಾರು ಬೇಡ. ಸೊನ್ನೆ ಬರೀರಿ. ಆದ್ರೆ ಸೊನ್ನೆ ಬಂದ್ರೆ ಮಾರನೇ ದಿನ ಅದೇ ವ್ಯಕ್ತಿ ಇನ್ನೊಂದ್ಸಲ ಹೋಗಿ ನೋಡ್ಬೇಕು. ಪಕ್ಕದ ಗದ್ದೇಲಿ ಮೇಯ್ತಾ ಇರಬಹುದಲ್ವಾ? ಎರಡು ಸಲ ನೋಡಿದ ಸೊನ್ನೆ ಮಾತ್ರ ಲೆಕ್ಕಕ್ಕೆ." ಗೋಪಿನಾಥ ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದ. ಅಹಲ್ಯಾ ಕೇಳಿಸಿಕೊಳ್ಳುತ್ತಿದ್ದಳು.

ಜುಲೈಯಲ್ಲಿ, ಎಣಿಕೆಯ ಮೊದಲ ಭಾನುವಾರ ಅಲಾರಾಂ ಹೊಡೆದಾಗ ಗೋಪಿನಾಥ ಹೊದಿಕೆಯೊಳಗಿಂದಲೇ ವಿಷಯ ಇತ್ಯರ್ಥ ಮಾಡಿದ.

"ಹೇಗೂ ಎದ್ದಿರ್ತೀಯಲ್ಲ. ನೀನೇ ಹೋಗಿ ಬಾ."

ಲೋಕದ ಅರ್ಧ ಕೆಲಸ ಈ 'ಹೇಗೂ ಎದ್ದಿರ್ತೀಯಲ್ಲ'ದ ಮೇಲೆ ನಡೆಯುತ್ತದೆ.

ಹೋಗುವುದೇನೂ ಕಷ್ಟವಿರಲಿಲ್ಲ. ಹಾಲಿನ ಭಯ್ಯಾನ ಊರು ಗೋಪಿನಾಥನ ಪಾಲಿಗೆ ಬಂದ ಜೌಗಿನ ಪಕ್ಕದಲ್ಲೇ. ಅವನು ನಾಲ್ಕೂವರೆಗೆ ಹಾಲು ಹಾಕಿ ಖಾಲಿ ಕ್ಯಾನುಗಳ ಜೊತೆ ಟೆಂಪೋದಲ್ಲಿ ವಾಪಸು ಹೊರಡುವಾಗ, ಮುಂದಿನ ಸೀಟಿನಲ್ಲಿ ಅವನ ಹೆಂಡತಿ ಇರುತ್ತಿದ್ದಳು. ಸರಿದು ಜಾಗ ಕೊಟ್ಟಳು. "ಗಿನ್‌ನೇ ಜಾ ರಹೀ ಹೋ? ಚಿಡಿಯಾ?" ಎಂದು, ಹಕ್ಕಿ ಎಣಿಸಲೂ ಯಾರಾದರೂ ಹೋಗುತ್ತಾರೆಯೇ ಎಂಬಂತೆ, ದಾರಿಯುದ್ದಕ್ಕೂ ಬಿದ್ದು ಬಿದ್ದು ನಕ್ಕಳು.

ನೀರು ನಿಂತ ಗದ್ದೆ, ಅದರಾಚೆ ಜೊಂಡು. ಜೊಂಡಿನ ನಡುವೆ ಆಳೆತ್ತರದ ಎರಡು ಬೂದು ಹಕ್ಕಿ. ತಲೆ ಕುಂಕುಮದ ಬಟ್ಟಲಿಗೆ ಅದ್ದಿ ತೆಗೆದಂತೆ. ಹುಲ್ಲಿನ ಗುಡ್ಡೆಯ ಮೇಲೆ ಒಂದು ಕುಳಿತಿತ್ತು, ಇನ್ನೊಂದು ಸುತ್ತಾಡಿ ಮೇಯುತ್ತಿತ್ತು. ಒಂದು ಗಂಟೆಯ ನಂತರ ಮೇಯುತ್ತಿದ್ದದ್ದು ಬಂದು ನಿಂತಿತು, ಕುಳಿತದ್ದು ಎದ್ದಿತು, ಜಾಗ ಅದಲುಬದಲಾಯಿತು. ಯಾರೂ ಯಾರನ್ನೂ ಕರೆಯಲಿಲ್ಲ, ನೆನಪಿಸಲಿಲ್ಲ, ಮುಖ ಊದಿಸಲಿಲ್ಲ. ಗುಡ್ಡೆಯ ಮೇಲೆ ಎರಡು ಮೊಟ್ಟೆ. ಅಹಲ್ಯಾ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು, ಆಮೇಲೆ ಬರೀ ನೋಡುತ್ತ ಕೂತಳು. ಮದುವೆಯಾದ ಮೇಲೆ ಎರಡು ಗಂಟೆ ಒಂದೇ ಕಡೆ ಕೂತದ್ದು ಅದೇ ಮೊದಲು. ಹೆರಿಗೆಯ ಮಾತು ಬೇರೆ.

ಮನೆಗೆ ಬಂದು ಹೇಳಿದಳು. "ಗಂಡೂ ಕಾವು ಕೂರತ್ತೆ ಕಣ್ರೀ."

"ಅದಕ್ಕೇನು ಆಫೀಸಿದ್ಯಾ?" ಎಂದ ಗೋಪಿನಾಥ, ಅವಳ ಪೆನ್ಸಿಲ್ ಗುರುತುಗಳನ್ನು ಶಾಯಿಯಲ್ಲಿ ನಕಲು ಮಾಡುತ್ತ. 'ವೀಕ್ಷಕರ ಹೆಸರು' ಎಂಬಲ್ಲಿ ತನ್ನ ಹೆಸರು ಬರೆದು ಕೆಳಗೊಂದು ಗೆರೆ ಎಳೆದ.

ಆಗಸ್ಟಿನಲ್ಲಿ ಮೊಟ್ಟೆಗಳಲ್ಲಿ ಒಂದು ಮರಿಯಾಗಿತ್ತು. ಅರಿಶಿನದ ಮುದ್ದೆಗೆ ಕಾಲು ಬಂದಂತೆ. ಸೋಮವಾರ ಗೋಪಿನಾಥ ಅದನ್ನು ಸಾಹೇಬರಿಗೆ ಬಣ್ಣಿಸಿದ. ಸಾಹೇಬರು ಚಹಾ ತರಿಸಿದರು. 'ಗೋಪಿನಾಥ್ಸ್ ಪೇರ್' ಎಂದು ಇಡೀ ಮಹಡಿಯಲ್ಲಿ ಹೆಸರಾಯಿತು. ಸೆಪ್ಟೆಂಬರ್ ಕೊನೆಗೆ ತಾವೇ ಬಂದು ನೋಡುವುದಾಗಿ ಸಾಹೇಬರು ಹೇಳಿದರು. ಗುವಾಹಟಿಯ ಪಟ್ಟಿಯಲ್ಲಿ ಗೋಪಿನಾಥನ ಹೆಸರಿನ ಎದುರು ಒಂದು ಪ್ರಶ್ನಾರ್ಥಕ ಚಿಹ್ನೆ ಬಿತ್ತು.

ಸೆಪ್ಟೆಂಬರಿನ ಭಾನುವಾರ ಟೆಂಪೋ ಇಳಿದವಳಿಗೆ ಊರು ತಪ್ಪಿತೇನೋ ಅನ್ನಿಸಿತು. ಜೊಂಡಿನ ಮುಕ್ಕಾಲು ಭಾಗ ಮಣ್ಣಿನಡಿ ಹೋಗಿತ್ತು. ಒಡೆದ ಇಟ್ಟಿಗೆ, ಕಾಂಕ್ರೀಟಿನ ಚೂರು, ಹಳೆ ಮನೆಗಳ ಟೈಲ್ಸು. ದೆಹಲಿಯಲ್ಲಿ ಕೆಡವಿದ್ದನ್ನೆಲ್ಲ ತಂದು ಸುರಿದಿದ್ದರು. ಸುಣ್ಣದ ಗೆರೆ, ಗೂಟಗಳು. ಅಹಲ್ಯಾ ಎರಡು ಗಂಟೆ ಕೂತಳು. ಗುಡ್ಡೆ ಇದ್ದ ಕಡೆ ಒಂದು ಲಾರಿಯ ಚಕ್ರದ ಗುರುತಿತ್ತು. ದೊಡ್ಡ ಹಕ್ಕಿ ಸೊನ್ನೆ, ಮರಿ ಸೊನ್ನೆ ಎಂದು ಬರೆದಳು. ಪೆನ್ಸಿಲಿನ ಮೊನೆ ಮುರಿಯಿತು.

ಮನೆಯಲ್ಲಿ ಗೋಪಿನಾಥ ಹಾಳೆ ನೋಡಿ ಕನ್ನಡಕ ಹಣೆಗೇರಿಸಿದ.

"ಏನಿದು ನಿಲ್ ರಿಪೋರ್ಟು?"

"ಇಲ್ಲ, ಅದಕ್ಕೇ ಇಲ್ಲ ಅಂತ ಬರೆದೆ."

"ನೋಡು ಅಹಲ್ಯಾ, ಇಪ್ಪತ್ತೆರಡು ವರ್ಷ ಸರ್ವಿಸ್ ನಂದು. ನಿಲ್ ಅಂತ ಕಳಿಸಿದ್ರೆ ಹತ್ತು ಕ್ವೆರಿ ಬರತ್ತೆ. 'ಹಿಂದಿನಂತೆ' ಅಂತ ಕಳಿಸಿದ್ರೆ ಒಂದೂ ಬರಲ್ಲ." ಹೇಳುತ್ತಲೇ ಬರೆದ: ದೊಡ್ಡವು ಎರಡು, ಮರಿ ಒಂದು, ಹಿಂದಿನಂತೆ. ಅವನ ಆಫೀಸಿನಲ್ಲಿ ಅದು ಸುಳ್ಳಲ್ಲ, ರೂಢಿ. ಮೂರು ತಿಂಗಳಿಗೊಮ್ಮೆ ಹೋಗುವ ವರದಿಗಳಲ್ಲಿ ಸತ್ತ ಪ್ಯೂನ್‌ಗಳೂ ಹಿಂದಿನಂತೆಯೇ ಕೆಲಸ ಮಾಡುತ್ತಿದ್ದರು.

"ಪಪ್ಪಾ, ಯೇ ತೋ ಚೀಟಿಂಗ್ ಹೈ," ಎಂದಳು ಹನ್ನೆರಡನೆಯ ತರಗತಿಯ ಇಂಚರಾ, ಪುಸ್ತಕದಿಂದ ತಲೆಯೆತ್ತದೆ.

"ನೀನು ಬೋರ್ಡ್ ಎಕ್ಸಾಮ್ ಗುವಾಹಟಿಲಿ ಬರೀತೀಯಾ?"

ಇಂಚರಾ ಪುಟ ತಿರುವಿದಳು. ಶಾರದಮ್ಮ ಜಪಮಾಲೆ ನಿಲ್ಲಿಸಿದರು. "ಹಕ್ಕಿ ಹಾರಿಹೋಗಿದ್ರೆ ನಿನಗೇನು ಕಷ್ಟವೇ? ಗಂಡನ ಮಾತು ನಡೆಯಲಿ ಬಿಡೇ. ನನಗಂತೂ ಆ ಊರಿನ ಚಳಿ ಆಗಲ್ಲ."

"ಗುವಾಹಟೀಲಿ ಅಷ್ಟು ಚಳಿ ಇಲ್ಲ ಅತ್ತೆ."

"ನೀ ಯಾವಾಗ ಹೋಗಿದ್ದೆ?"

ಊಟದ ಹೊತ್ತಿಗೆ ಫೋನು ಬಂತು. ಹರಿಣಿ. ಅಹಲ್ಯಾ ಎತ್ತಿದಳು.

"ಆಂಟಿ, ಅಂಕಲ್ ಇದಾರಾ? ಎಲ್ರಿಂದ ಫೋನಲ್ಲೇ ನಂಬರ್ ತಗೋತಾ ಇದೀನಿ. ಮಂಗಳವಾರ ಜಿಲ್ಲಾಧಿಕಾರಿ ಹತ್ರ ಹೋಗ್ತೀವಿ. ಹಕ್ಕಿ ಎಲ್ಲಿ ಮಾಯ ಆಗಿದ್ಯೋ ಆ ಜೌಗುಗಳ ಪಟ್ಟಿ ಕೊಟ್ರೆ ಮಣ್ಣು ಹಾಕೋದನ್ನ ತಡೀತೀವಿ ಅಂದಿದಾರೆ. ಪಟ್ಟೀಲಿ ಇಲ್ಲದ ಜಾಗಕ್ಕೆ ಯಾರೂ ಹೋಗಲ್ಲ, ಗೊತ್ತಲ್ಲ. ನಿಮ್ಮ ಜೋಡಿ ಚೆನ್ನಾಗಿದ್ಯಾ?"

ಅಹಲ್ಯಾಳ ಬಾಯಿಂದ ಮಾತು ಹೊರಡುವ ಮೊದಲೇ ರಿಸೀವರು ಗೋಪಿನಾಥನ ಕೈಗೆ ಹೋಯಿತು. "ಚೆನ್ನಾಗಿದೆಯಮ್ಮ. ಹಿಂದಿನಂತೆ. ಹಾಂ, ನಾನೇ ನೋಡಿದ್ದು." ಇಟ್ಟು, ತಟ್ಟೆಯ ಮುಂದೆ ಕೂತು, "ಸಾರಿಗೆ ಉಪ್ಪು ಕಮ್ಮಿ," ಎಂದ.

"ತಿಂಗಳ ಕೊನೆಗೆ ಸಾಹೇಬ್ರು ಬಂದು ನೋಡಿದ್ರೆ?" ಎಂದಳು ಅಹಲ್ಯಾ.

"ಅಷ್ಟರಲ್ಲಿ ನನ್ನ ಹೆಸರು ಬಿಟ್ಟು ಪಟ್ಟಿಗೆ ಸಹಿ ಬಿದ್ದಿರತ್ತೆ. ಹಕ್ಕಿ ತಾನೇ, ಹಾರಿಹೋಯ್ತು ಅಂದ್ರಾಯ್ತು."

ಉಳಿದದ್ದು ಕಾಲು ಭಾಗ ಜೊಂಡು. ಹಕ್ಕಿ ಮುಂದಿನ ಮಳೆಗೆ ಹಳೆಯ ಜಾಗ ಹುಡುಕಿಕೊಂಡೇ ಬರುತ್ತದೆ ಎಂದು ಹರಿಣಿ ಹೇಳಿದ್ದಳು. ಮಣ್ಣು ಸುರಿಯುವುದನ್ನು ತಡೆಯುವುದಾದರೆ ಈ ವಾರವೇ ತಡೆಯಬೇಕು. ಈ ಸೊನ್ನೆಯನ್ನು ಎರಡನೆಯ ಸಲ ನೋಡುವ ಅರ್ಹತೆ ಲೋಕದಲ್ಲಿ ಒಂದೇ ಜೊತೆ ಕಣ್ಣಿಗಿತ್ತು. ಕಾಗದದ ಪ್ರಕಾರ ಆ ಕಣ್ಣು ಗೋಪಿನಾಥನದು.

ಸೋಮವಾರ ನಾಲ್ಕೂವರೆಗೆ ಅವಳು ಹಾಲಿನ ಪಾತ್ರೆ ಒಳಗಿಟ್ಟು, ಚಪ್ಪಲಿ ಮೆಟ್ಟಿ, ಟೆಂಪೋ ಹತ್ತಿದಳು. "ಆಜ್ ತೋ ಸೋಮ್ವಾರ್ ಹೈ!" ಎಂದಳು ಭಯ್ಯಾನ ಹೆಂಡತಿ, ಈ ಸಲ ನಗದೆ.

ಆರರಿಂದ ಎಂಟರವರೆಗೆ ಕೂತಳು. ಪಕ್ಕದ ಗದ್ದೆಗಳನ್ನೂ ದುರ್ಬೀನಿನಲ್ಲಿ ಬದು ಬದು ಹುಡುಕಿದಳು. ಬೆಳ್ಳಕ್ಕಿ, ಎಮ್ಮೆ, ಎರಡು ಲಾರಿ. ಏಳೂಮುಕ್ಕಾಲಿಗೆ ಎಲ್ಲೋ ದೂರದಲ್ಲಿ ಒಂದೇ ಒಂದು ಸಾರಸದ ಕೂಗು ಕೇಳಿತು. ಕೂಗಿಗೆ ಮರುಕೂಗು ಬರಲಿಲ್ಲ. ಕೇಳಿದ್ದನ್ನು ಎಣಿಸುವಂತಿರಲಿಲ್ಲ, ಕಂಡದ್ದನ್ನು ಮಾತ್ರ.

ಇಟ್ಟಿಗೆ ಚೂರುಗಳ ಮೇಲೆ ಕೂತು ಹೊಸ ಹಾಳೆ ತೆರೆದಳು. ತಾರೀಖು, ಹೊತ್ತು, ಸೊನ್ನೆ, ಸೊನ್ನೆ. ಉಳಿದದ್ದು ವೀಕ್ಷಕರ ಹೆಸರು.

ಗೋಪಿನಾಥನ ಹೆಸರು ಬರೆದರೆ ಹರಿಣಿ ಅವನಿಗೆ ಫೋನು ಮಾಡುತ್ತಾಳೆ, ಅವನು 'ಹಿಂದಿನಂತೆ' ಎನ್ನುತ್ತಾನೆ, ಅಲ್ಲಿಗೆ ಮುಗಿಯಿತು. ತನ್ನ ಹೆಸರು ಬರೆದರೆ ಜುಲೈಯಿಂದಲೇ ಎಲ್ಲ ಬಿಚ್ಚಿಕೊಳ್ಳುತ್ತದೆ. ಹರಿಣಿಯಿಂದ ಗುಂಪಿಗೆ, ಗುಂಪಿನಿಂದ ಸಾಹೇಬರ ಚಹಾದ ಮೇಜಿಗೆ. ಆಮೇಲೆ ಗುವಾಹಟಿ. ಪೆಟ್ಟಿಗೆಗಳನ್ನು ಕಟ್ಟುವವಳು ಯಾರು, ಇಂಚರಾಳನ್ನು ಪರೀಕ್ಷೆ ಮುಗಿಯುವವರೆಗೆ ಯಾರ ಮನೆಯಲ್ಲಿ ಬಿಡಬೇಕೆಂದು ನಾಲ್ಕು ಮನೆಗೆ ಫೋನು ಮಾಡುವವಳು ಯಾರು, ಅತ್ತೆಗೆ ಅಲ್ಲಿಯ ಹವೆ ಹಿಡಿಸಲಿಲ್ಲವೆಂದರೆ ಕೇಳಿಸಿಕೊಳ್ಳುವವಳು ಯಾರು ಎಂಬುದೆಲ್ಲ ಅಹಲ್ಯಾಳಿಗೆ ಗೊತ್ತಿತ್ತು. ಎಲ್ಲವನ್ನೂ ಒಂದೊಂದಾಗಿ ಯೋಚಿಸಿದಳು. ಯಾವುದನ್ನೂ ಚಿಕ್ಕದು ಮಾಡಿಕೊಳ್ಳಲಿಲ್ಲ.

ಲಾರಿಯೊಂದು ಹಿಂದಕ್ಕೆ ಸರಿದು ಮಣ್ಣು ಸುರಿಯಿತು. ನೀರು ಒಂದು ಗೇಣು ಹಿಂದೆ ಸರಿಯಿತು.

ಅವಳು 'ಅಹಲ್ಯಾ' ಎಂದು ಬರೆದಳು. ಕೆಳಗೆ ಜಾಗವಿತ್ತು, 'ಹಿಂದಿನ ಮೂರು ಸಲವೂ ನೋಡಿದವಳು ನಾನೇ. ನಿನ್ನೆಯೂ ಸೊನ್ನೆ' ಎಂದು ಸೇರಿಸಿದಳು. ಹಾಳೆ ಮಡಚಿ ಬ್ಲೌಸಿನೊಳಗಿಟ್ಟು ದಾದ್ರಿಯ ರಸ್ತೆಗೆ ನಡೆದು ಬಂದು, ಹರಿಣಿಯಿದ್ದ ಮುನಿರ್ಕಾಗೆ ಹೋಗಲು ಎಲ್ಲಿ ಬಸ್ಸು ಬದಲಾಯಿಸಬೇಕೆಂದು ಕಂಡಕ್ಟರನನ್ನು ಕೇಳಿದಳು.